ಬೆಕ್ತೆನರ ಎರಡನೆಯ ಸ್ಟೂಲು

ಬೆಟ್ಟಗಳ ನಡುವಿನ ಅಟ್‌ಬಾಷಿ ಎಂಬ ಊರಿನ ಪೇಟೆಗೆ ಇನ್ನೂ ಬೆಳಕು ಇಳಿದಿಲ್ಲ. ಮಸೀದಿಯಲ್ಲಿ ಮುಂಜಾನೆಯ ನಮಾಜು ಮುಗಿಸಿ ಬಂದ ಬೆಕ್ತೆನ್ ತಮ್ಮ ಅಂಗಡಿಯ ಬಾಗಿಲ ಮುಂದೆ ಬಾಗಿ, ಬೀಗವನ್ನು ಎರಡೂ ಅಂಗೈಯ ನಡುವೆ ಹಿಡಿದು ಮೆಲ್ಲಗೆ ಉಸಿರು ಬಿಡುತ್ತಿದ್ದಾರೆ. ರಾತ್ರಿಯ ಹಿಮಕ್ಕೆ ಬೀಗ ಮರಗಟ್ಟಿದೆ. ಬೆಂಕಿಕಡ್ಡಿ ಗೀರಿ ಹಿಡಿದರೆ ಬೇಗ ಬಿಡುತ್ತದೆಂದು ಅಕ್ಕಪಕ್ಕದವರು ಹೇಳುತ್ತಲೇ ಇರುತ್ತಾರೆ. ಇವರು ಕೇಳುವುದಿಲ್ಲ. ಉಸಿರಿಗೆ ಬಿಡುವ ಬೀಗಕ್ಕೆ ಬೆಂಕಿ ಯಾಕೆ ಎನ್ನುತ್ತಾರೆ.

ಅಂಗಡಿ ಎಂದರೆ ಒಂದು ಹಳೆಯ ಕಬ್ಬಿಣದ ಕಂಟೇನರ್. ಈ ಪೇಟೆಯಲ್ಲಿ ಎಲ್ಲರದೂ ಅಂಥದ್ದೇ, ಸಾಲಾಗಿ ನಿಂತಿವೆ. ಬಾಗಿಲು ತೆರೆದೊಡನೆ ಬೆಕ್ತೆನ್ ಒಲೆಗೆ ಒಣಗಿದ ಬೆರಣಿ ಹಾಕಿ, ಅದರ ಮೇಲೆ ನಾಲ್ಕು ಚೂರು ಕಲ್ಲಿದ್ದಲು ಇಟ್ಟು ಹೊತ್ತಿಸುತ್ತಾರೆ. ಕೆಟಲು ಏರಿಸುತ್ತಾರೆ. ಆಮೇಲೆ ಮೂಲೆಯಲ್ಲಿರುವ ಎರಡು ಸ್ಟೂಲುಗಳನ್ನು ತಂದು, ಎರಡನ್ನೂ ಬಟ್ಟೆಯಿಂದ ಒರೆಸಿ, ಮೇಜಿನ ಮುಂದೆ ಪಕ್ಕಪಕ್ಕದಲ್ಲಿ ಇಡುತ್ತಾರೆ. ಎರಡರ ಮೇಲೂ ಟಗರಿನ ಕೊಂಬಿನ ಚಿತ್ತಾರವಿರುವ ಉಣ್ಣೆಯ ಮೆತ್ತೆ. ಒಂದೇ ಕಂಬಳಿಯಿಂದ ಕತ್ತರಿಸಿ ಹೊಲಿದ ಜೋಡಿ. ಬಲಗಡೆಯದು ಸವೆದು ಚಿತ್ತಾರವೇ ಮಾಸಿಹೋಗಿದೆ. ಎಡಗಡೆಯದರ ಕೆಂಪು ಇನ್ನೂ ಎದ್ದು ಕಾಣುತ್ತದೆ. ಬಲಗಡೆಯದು ಬೆಕ್ತೆನ್ ಕೂರುವುದು. ಎಡಗಡೆಯದು ಕಂಪ್ಯೂಟರಿನ ಒಡೆಯರಿಗೆ.

ಅರವತ್ತು ದಾಟಿದ ಬೆಕ್ತೆನರ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಕಂಪ್ಯೂಟರ್ ಎನ್ನುವ ತಗಡಿನ ಪೆಟ್ಟಿಗೆಯನ್ನು ಎಬ್ಬಿಸಿ ನಡೆಸುವ ಮೂಲ ವ್ಯವಸ್ಥೆಯೊಂದು ಅದರೊಳಗೆ ಇರಬೇಕಲ್ಲ, ಜನ ಅದನ್ನು ಬರೀ ‘ಸಿಸ್ಟಂ’ ಎನ್ನುತ್ತಾರೆ, ಅದನ್ನು ಹಾಕಿಕೊಡುವುದು. ಆದರೆ ಅವರು ಅದನ್ನು ಒಬ್ಬರೇ ಹಾಕುವುದಿಲ್ಲ. ಒಡೆಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಹಳೆಯ ಕಾಲದ ಸಿಸ್ಟಂಗಳು ಹೆಜ್ಜೆಹೆಜ್ಜೆಗೂ ನಿಂತು ಕೇಳುತ್ತಿದ್ದವು. ಯಾವ ಭಾಷೆ? ಯಾರ ಹೆಸರು? ಒಳಗಿನ ಜಾಗವನ್ನು ಒಂದೇ ಕೋಣೆಯಾಗಿ ಇಡಲೋ, ಎರಡು ಮಾಡಲೋ? ಬೆಕ್ತೆನ್ ಅದನ್ನೆಲ್ಲ ಗಟ್ಟಿಯಾಗಿ ನಮ್ಮೂರ ಮಾತಿನಲ್ಲಿ ಓದಿ ಹೇಳಿ, ಉತ್ತರ ಬರುವವರೆಗೆ ಸುಮ್ಮನೆ ಕಾಯುತ್ತಿದ್ದರು. ಉತ್ತರ ಬರಲು ಒಂದೊಂದು ಸಲ ಒಂದು ಕೆಟಲು ಚಹಾ ಖಾಲಿಯಾಗುತ್ತಿತ್ತು.

ಈಗಿನ ಸಿಸ್ಟಂಗಳು ಕೇಳುವುದಿಲ್ಲ. ಒಂದು ಗುಂಡಿ ಒತ್ತಿದರೆ ಎಲ್ಲವನ್ನೂ ತಾವೇ ಜೋಡಿಸಿಕೊಳ್ಳುತ್ತವೆ. ಹಾಗಾಗಿ ಜನ ಬಾಗಿಲಲ್ಲೇ ಕಂಪ್ಯೂಟರು ಕೊಟ್ಟು ಹೋಗುತ್ತಾರೆ. ಎಡಗಡೆಯ ಮೆತ್ತೆ ಸವೆಯದೆ ಉಳಿದಿರುವುದು ಅದಕ್ಕೇ.

“ಬಾಯ್ಕೆ, ಇವತ್ತೂ ಅದನ್ನ ಒರೆಸಿದ್ರಾ?” ಪಕ್ಕದ ಕಂಟೇನರಿನಿಂದ ದಾಮಿರಾಳ ದನಿ. ಉಣ್ಣೆಯ ಬೂಟು, ರಬ್ಬರಿನ ಜೋಡು ಮಾರುವ ಈ ಹೆಂಗಸು ಬೆಳಿಗ್ಗೆ ಬಿಸಿನೀರಿಗೆ ಬರುವ ನೆಪದಲ್ಲಿ ಬೆಕ್ತೆನರನ್ನು ಒಂದಿಷ್ಟು ಕೆಣಕದೆ ಅಂಗಡಿ ತೆರೆಯುವುದಿಲ್ಲ. ಊರಿನಲ್ಲಿ ಎಲ್ಲರಿಗೂ ಅವರು ಬಾಯ್ಕೆ, ಅಂದರೆ ಅಣ್ಣ.

“ಒರೆಸ್ದೆ. ಯಾರಾದ್ರೂ ಬಂದ್ರೆ ಕೂರ್ಬೇಕಲ್ಲ.”

“ಕಾಯ್ತಾ ಇರಿ. ಮದುವೆ ಗಂಡಿನ ಕಡೆಯೋರು ಬಂದ ಹಾಗೆ ಬರ್ತಾರೆ.”

“ಬೂಟು ಕೊಳ್ಳೋರು ಬಂದ್ರೆ ನೀನೂ ಕೂರಿಸಿ ಕಾಲು ಅಳತೆ ನೋಡ್ತೀಯಲ್ಲ ತಂಗಿ. ನಾನೂ ಅಷ್ಟೇ.”

“ನನ್ನ ಬೂಟು ತಾನೇ ಕಾಲಿಗೆ ಹತ್ತೋ ಹಾಗಿದ್ರೆ ನಾನು ಮನೇಲಿ ಮಲಗಿರ್ತಿದ್ದೆ,” ಎಂದು ಆಕೆ ಫ್ಲಾಸ್ಕು ತುಂಬಿಸಿಕೊಂಡು ಹೋಗುತ್ತಾಳೆ. ಬೆಕ್ತೆನ್ ನಗುತ್ತಾರೆ. ಆಕೆ ಹೋದಮೇಲೆ ನಗು ಅಷ್ಟು ಹೊತ್ತು ನಿಲ್ಲುವುದಿಲ್ಲ.

ಬೆಕ್ತೆನ್ ಹುಟ್ಟಿದ್ದು ಇದೇ ಊರಲ್ಲಿ, ಹೊಳೆಯ ದಂಡೆಯ ಮೇಲೆ. ರಷ್ಯನ್ನರ ಒಕ್ಕೂಟದ ಕಾಲದಲ್ಲಿ ಸಾಮೂಹಿಕ ಫಾರ್ಮಿನ ಲೆಕ್ಕದ ಕೇಂದ್ರದಲ್ಲಿ ಕುರಿ, ಉಣ್ಣೆ, ಹುಲ್ಲಿನ ಲೆಕ್ಕವನ್ನು ತೂತು ಕೊರೆದ ರಟ್ಟುಗಳಲ್ಲಿ ಯಂತ್ರಕ್ಕೆ ಉಣಿಸುತ್ತಿದ್ದರು. ಒಕ್ಕೂಟ ಹೋಯಿತು, ಫಾರ್ಮು ಹೋಯಿತು, ಕೇಂದ್ರದ ಕಿಟಕಿಗಳನ್ನು ಯಾರೋ ಕಿತ್ತುಕೊಂಡು ಹೋದರು. ಕೆಲವು ವರ್ಷ ಇನ್ನೊಬ್ಬರ ಕುರಿ ಕಾದರು. ಹುಲ್ಲುಗಾವಲಿನಲ್ಲಿ ಒಂದು ಬೇಸಿಗೆಯಿಡೀ ಮಾತಾಡಲು ಯಾರೂ ಸಿಗದೆ ನಾಯಿಯ ಜೊತೆ ಮಾತಾಡುತ್ತಿದ್ದುದನ್ನು ಈಗಲೂ ಹೇಳುತ್ತಾರೆ. “ನಾಯಿ ಕೇಳ್ತಿತ್ತು. ತಿರುಗಿ ಏನೂ ಕೇಳ್ತಿರ್ಲಿಲ್ಲ, ಅದೊಂದೇ ಬೇಜಾರು.”

ಊರಿನ ಶಾಲೆಗೆ ಎಲ್ಲಿಂದಲೋ ನಾಲ್ಕು ಕಂಪ್ಯೂಟರು ದಾನವಾಗಿ ಬಂದಾಗ ಅವನ್ನು ತೆರೆಯುವವರು ಇರಲಿಲ್ಲ. ಬೆಕ್ತೆನರನ್ನು ಕುರಿ ಹಟ್ಟಿಯಿಂದ ಕರೆಸಿದರು. ರಷ್ಯನ್ ನಿಘಂಟು ಒಂದು ಮಗ್ಗುಲಲ್ಲಿ, ಹೆಂಡತಿ ಅಸಿಲ್‌ಕಾನ್ ಇನ್ನೊಂದು ಮಗ್ಗುಲಲ್ಲಿ. ಯಂತ್ರ ಕೇಳಿದ್ದನ್ನು ಇವರು ಓದಿ ಹೇಳುವುದು, ಆಕೆ “ಹೂಂ ಅನ್ನಿ” ಅಥವಾ “ಬೇಡ ಅನ್ನಿ” ಎನ್ನುವುದು. ಹಾಗೆ ಕಲಿತದ್ದು. ಆಮೇಲೆ ಅಂಗಡಿ ಹಾಕಿದಾಗ ಮೆತ್ತೆಗಳನ್ನು ಹೊಲಿದವರೂ ಅಸಿಲ್‌ಕಾನ್. ಮಕ್ಕಳಿರಲಿಲ್ಲ. ಐದು ಚಳಿಗಾಲದ ಹಿಂದೆ ಆಕೆ ತೀರಿಕೊಂಡರು.

ಈ ಕತೆಯೆಲ್ಲ ಕೇಳಲು ಇವತ್ತು ಅಂಗಡಿಯಲ್ಲಿ ಯಾರೂ ಇಲ್ಲ. ಒಲೆಯ ಮೇಲೆ ಕೆಟಲು ಹಾಡುತ್ತಿದೆ. ಹೊರಗೆ ಮೆಲ್ಲಗೆ ಬೆಳಕಾಗುತ್ತಿದೆ.

ಅಷ್ಟರಲ್ಲಿ ಬಾಗಿಲ ಮುಂದೆ ಹಿಮದ ಮೇಲೆ ಏನನ್ನೋ ಎಳೆದು ತಂದ ಸದ್ದು. ಮಕ್ಕಳು ಜಾರುವ ಹಲಗೆಬಂಡಿ. ಅದರ ಮೇಲೆ ಕೂಸಿನ ಹಾಸಿಗೆಯಲ್ಲಿ ಸುತ್ತಿ ಹಗ್ಗದಿಂದ ಬಿಗಿದ ಕಂಪ್ಯೂಟರ್. ಹಗ್ಗ ಹಿಡಿದ ಹೆಂಗಸಿಗೆ ಐವತ್ತರ ಹತ್ತಿರ ಇರಬಹುದು. ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಾರೆ. ಲಂಗದ ಮೇಲೆ ಮೈದಾ ಹಿಟ್ಟು.

“ಸಲಾಂ ಅಲೈಕುಂ, ಬಾಯ್ಕೆ. ಇದನ್ನ ಈಗ್ಲೇ ನೋಡ್ಬೇಕು.”

“ವಾಲೈಕುಂ ಸಲಾಂ, ಬಾ. ಯಾರ ಮನೆ ಸೊಸೆಯಮ್ಮ ನೀನು?”

ಹೆಂಗಸು ತಲೆ ತಗ್ಗಿಸುತ್ತಾರೆ. “ಹೊಳೆ ಆಚೆ. ಹಳೇ ಗಿರಣಿ ಹಿಂದಿನ ಮನೆ.”

“ಗಿರಣಿ ಹಿಂದೆ ಮೂರು ಮನೆ ಇದೆ. ಯಾರ ಮನೆ?”

ಹೆಂಗಸು ತಲೆವಸ್ತ್ರವನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರನ್ನಾಗಲಿ, ಗಂಡನ ಕಡೆಯ ಹಿರಿಯರ ಹೆಸರನ್ನಾಗಲಿ ಬಾಯಿಗೆ ತರುವುದಿಲ್ಲ. ಈಗಿನ ಹುಡುಗಿಯರು ಬಿಟ್ಟಿದ್ದಾರೆ, ಇವರ ವಯಸ್ಸಿನವರು ಬಿಟ್ಟಿಲ್ಲ. ಪಕ್ಕದ ಅಂಗಡಿಯಿಂದ ದಾಮಿರಾಳೇ ಕೂಗಿ ಹೇಳುತ್ತಾಳೆ. “ಶಾರ್ಶೆನ್ ಅಜ್ಜನ ಸೊಸೆ, ಕಾಲ್ಬುಬು ಅಕ್ಕ. ಪಾಪ, ಅವರ ಬಾಯಿಂದ ಯಾಕೆ ಹೊರಡಿಸ್ತೀರಿ?”

ಶಾರ್ಶೆನ್ ಎಂದರೆ ಬೆಕ್ತೆನರಿಗೆ ಗೊತ್ತು. ಊರಿನಲ್ಲಿ ಕುದುರೆ ಪಳಗಿಸುತ್ತಿದ್ದವರು. ಹಿಮ ಕರಗುವ ಹೊತ್ತಿಗೆ ತೀರಿಕೊಂಡರು. ಮಣ್ಣಿಗೆ ಇವರೂ ಹೋಗಿದ್ದರು. “ದೇವರು ಅವರಿಗೆ ಒಳ್ಳೇ ಜಾಗ ಕೊಡ್ಲಿ,” ಎಂದು ಅಂಗೈ ಮುಖಕ್ಕೆ ಸವರಿಕೊಂಡು, ಕಂಪ್ಯೂಟರನ್ನು ಎತ್ತಿ ಒಳಗೆ ತರುತ್ತಾರೆ. ತಂದೊಡನೆ ಅದನ್ನು ಒಲೆಯಿಂದ ದೂರ, ಮೂಲೆಯಲ್ಲಿಟ್ಟು ಮೇಲೊಂದು ಉಣ್ಣೆಯ ಕಂಬಳಿ ಹೊದಿಸುತ್ತಾರೆ.

“ಮುಚ್ಚಿಡ್ತೀರಾ? ಬೇಗ ಅಂದೆನಲ್ಲ ಬಾಯ್ಕೆ.”

“ಮೈಯೆಲ್ಲ ಹಿಮ ಆಗಿದೆ ಇದಕ್ಕೆ. ಈಗ ಕರೆಂಟು ಕೊಟ್ರೆ ಒಳಗಡೆ ಬೆವರು ಬಂದು ಸುಟ್ಟುಹೋಗತ್ತೆ. ನಿಮ್ಮ ಮಾವ ಓಡಿಬಂದ ಕುದುರೆಗೆ ತಕ್ಷಣ ನೀರು ಕುಡಿಸ್ತಿದ್ರಾ?”

ಕಾಲ್ಬುಬು ಇಲ್ಲವೆಂದು ತಲೆಯಾಡಿಸುತ್ತಾರೆ. “ಕಟ್ಟಿಹಾಕೋರು. ನಾವು ಕನಿಕರಪಟ್ಟು ಬಕೆಟ್ ತಗೊಂಡು ಹೋದ್ರೆ ಬೈಯೋರು.”

“ಹಾಂ. ಕೂತ್ಕೋ. ಏನಾಯ್ತು ಹೇಳು.”

ಕೂರಲು ಇರುವುದು ಒಂದೇ ಜಾಗ. ಕಾಲ್ಬುಬು ಲಂಗ ಸರಿಮಾಡಿಕೊಂಡು ಎಡಗಡೆಯ ಸ್ಟೂಲಿನ ಮೇಲೆ ತುದಿಯಲ್ಲಿ ಕೂರುತ್ತಾರೆ. ಬೆಕ್ತೆನ್ ಬಟ್ಟಲಿಗೆ ಅರ್ಧ ಚಹಾ ಬಗ್ಗಿಸಿ ಕೊಡುತ್ತಾರೆ.

“ಶನಿವಾರ ಮಗಳು ಐಜಮಾಲ್‌ನ ಗಂಡನ ಮನೆಗೆ ಕಳಿಸಿಕೊಡೋ ಊಟ ಇದೆ,” ಎಂದು ಶುರುಮಾಡುತ್ತಾರೆ ಕಾಲ್ಬುಬು. “ಅವಳು ಅಂದ್ರೆ ಮಾವನೋರಿಗೆ ಜೀವ. ಹೋದ ಚಳಿಗಾಲ ಉಸಿರು ಹತ್ತೋಕ್ಕೆ ಶುರುವಾಯ್ತಲ್ಲ, ಆಗ ಒಂದು ದಿನ ಇದರ ಮುಂದೆ ಕೂತು, ಮೈಕು ಹಚ್ಕೊಂಡು, ಮೊಮ್ಮಗಳನ್ನ ಹರಸಿ ಮಾತಾಡಿ ಒಳಗಿಟ್ರು. ಯಾರಿಗೂ ಕೇಳಿಸ್ಲಿಲ್ಲ. ‘ಅವಳು ಹೊಸಿಲು ದಾಟೋ ದಿನ ಹಚ್ಚಿ. ನಾನಿರ್ಲಿ ಬಿಡ್ಲಿ, ಕೈಯೆತ್ತಿ ಹರಸೋನು ನಾನೇ’ ಅಂದ್ರು. ಮನೇಲಿ ಈಗ ಬೇರೆ ಹಿರಿಯರಿಲ್ಲ, ಬಾಯ್ಕೆ. ನನ್ನ ಗಂಡನೂ ಇಲ್ಲ. ಯಾರು ಹರಸ್ತಾರೆ ಅವಳನ್ನ?”

ಆಮೇಲಿನದನ್ನು ಅವರು ನೆಲ ನೋಡುತ್ತ ಹೇಳುತ್ತಾರೆ. ರಾಜಧಾನಿಯಲ್ಲಿ ಹುಟ್ಟಿ ಬೆಳೆದ ಮೈದುನನ ಮಗ ಎರ್ಲಾನ್ ಮದುವೆಗೆಂದು ಮುಂಚೆಯೇ ಬಂದ. ಒಳ್ಳೆಯ ಹುಡುಗ. ಊಟದ ದಿನ ಹಳೆಯ ಫೋಟೋಗಳನ್ನು ತೋರಿಸೋಣವೆಂದು ಕಂಪ್ಯೂಟರು ತೆಗೆದ. ಅದು ಎದ್ದು ಕೂರುವಷ್ಟರಲ್ಲಿ ಹಸುವಿನ ಹಾಲು ಕರೆದು ಬರಬಹುದಿತ್ತು. ಹೊಸ ಸಿಸ್ಟಂ ಹಾಕಿಬಿಡೋಣ, ತಾನೇ ಎಲ್ಲ ಜೋಡಿಸಿಕೊಳ್ಳುತ್ತೆ ಎಂದು ಗುಂಡಿ ಒತ್ತಿ ಚಹಾಕ್ಕೆ ಬಂದ. ತಿರುಗಿ ಹೋಗಿ ನೋಡಿದರೆ ಸುಣ್ಣ ಬಳಿದ ಮನೆಯ ಹಾಗೆ ಫಳಫಳ. ಮಾವನವರದ್ದು ಏನೂ ಇಲ್ಲ.

“ಹಳೇದನ್ನೆಲ್ಲ ಅದು ಒಂದು ಮೂಟೆ ಕಟ್ಟಿ ಪಕ್ಕಕ್ಕಿಡತ್ತಂತೆ. ಎರ್ಲಾನ್ ಅದರಲ್ಲೂ ಹುಡುಕ್ದ. ಮಾವನೋರ ಹೆಸರಲ್ಲಿ ಏನೂ ಇಲ್ಲ ಅಂದ. ಆ ಮೂಟೇನೂ ಸ್ವಲ್ಪ ದಿನ ಇಟ್ಕೊಂಡು ಆಮೇಲೆ ತಾನೇ ಎಸೆದುಬಿಡತ್ತಂತಲ್ಲ. ಇವತ್ತೋ ನಾಳೇನೋ ಅಂದ. ಹೇಳ್ತಾ ಹೇಳ್ತಾ ಅತ್ತುಬಿಟ್ಟ. ಮನೇಲಿ ಎಲ್ರೂ ಕೈಬಿಟ್ರು. ನಾನು ಹಿಟ್ಟು ನಾದೋಳು ಎದ್ದು ಯಾರಿಗೂ ಹೇಳದೆ ಬಂದೆ.”

ಬೆಕ್ತೆನ್ ಒಲೆಗೆ ಇನ್ನೊಂದು ಚೂರು ಕಲ್ಲಿದ್ದಲು ಹಾಕುತ್ತಾರೆ. “ಸಿಗತ್ತೆ ಅಂತ ನಾನು ಹೇಳಲ್ಲ,” ಎನ್ನುತ್ತಾರೆ. “ಹುಡುಗ ಮಾಡಿದ್ದು ತಪ್ಪೂ ಅಲ್ಲ. ಎಲ್ರೂ ಹಾಗೇ ಮಾಡ್ತಾರೆ. ಸುಳ್ಳು ಯಾಕೆ ಹೇಳ್ಲಿ, ಅದು ತಾನೇ ಮಾಡ್ಕೊಳ್ಳೋದು ಚೆನ್ನಾಗೇ ಮಾಡ್ಕೊಳ್ಳತ್ತೆ. ಮುಂಚೆ ಒಂದು ಮಿಷನ್ನಿಗೆ ಧ್ವನಿ ಬರಿಸೋಕ್ಕೆ ನನಗೆ ಇಡೀ ದಿನ ಹಿಡೀತಿತ್ತು. ಈಗ ತಾನೇ ಹುಡುಕಿ ಹಾಕ್ಕೊಳ್ಳತ್ತೆ.”

“ಮತ್ತೆ ಇದು ಯಾಕೆ ಹೀಗೆ ಮಾಡ್ತು?”

“ಅದಕ್ಕೆ ನಿಮ್ಮ ಮಾವ ಗೊತ್ತಿಲ್ಲವಲ್ಲ. ಕೇಳಿದ್ರೆ ತಾನೇ ಗೊತ್ತಾಗೋದು.” ಕೆಟಲನ್ನು ಒಲೆಯ ಅಂಚಿಗೆ ಸರಿಸುತ್ತ ಅವರೇ ಮುಂದುವರಿಸುತ್ತಾರೆ. “ನಾನು ಪ್ರಾರ್ಥನೆ ಮುಗಿಸಿ ಕೂತಾಗ ಒಂದೊಂದು ಸಲ ಯೋಚನೆ ಮಾಡ್ತೀನಿ. ಮೇಲಿರೋನು ಮನಸ್ಸು ಮಾಡಿದ್ರೆ ನಮ್ಮನ್ನೂ ಎಲ್ಲಾ ಜೋಡಿಸಿಯೇ ಕಳಿಸಬಹುದಿತ್ತು. ಕಳಿಸ್ಲಿಲ್ಲ. ಇದು ಬೇಕಾ, ಅದು ಬೇಕಾ ಅಂತ ದಿನಾ ಕೇಳ್ತಾನೇ ಇದಾನೆ. ಮರ್ಯಾದೆ ಅಂದ್ರೆ ಅದೇ ಅಲ್ವಾ?”

ಕಂಬಳಿಯ ಕೆಳಗೆ ಕೈ ಹಾಕಿ ತಗಡು ಮುಟ್ಟಿ ನೋಡುತ್ತಾರೆ. ತಣ್ಣಗಿದೆ. ಇನ್ನೊಂದು ಬಟ್ಟಲು ಚಹಾ. ಕಾಲ್ಬುಬು ಎರಡು ಸಲ ಎದ್ದು ಎರಡು ಸಲ ಕೂರುತ್ತಾರೆ. ಮನೆಯಲ್ಲಿ ಹಿಟ್ಟು ಉಕ್ಕಿ ಪಾತ್ರೆಯಿಂದ ಇಳಿದಿರುತ್ತದೆ ಎನ್ನುತ್ತಾರೆ. ಆಮೇಲೆ ಅದನ್ನೂ ಹೇಳುವುದು ಬಿಟ್ಟು ಒಲೆಯ ಬೆಂಕಿ ನೋಡುತ್ತ ಕೂರುತ್ತಾರೆ.

ತಗಡು ಅಂಗೈಗೆ ಬೆಚ್ಚಗಾದಾಗ ಬೆಕ್ತೆನ್ ಕೆಲಸಕ್ಕೆ ಇಳಿಯುತ್ತಾರೆ. ಕಂಪ್ಯೂಟರನ್ನು ಎಬ್ಬಿಸುವುದಿಲ್ಲ. “ಎದ್ದರೆ ಮೊದಲು ಮನೆ ಗುಡಿಸೋಕ್ಕೆ ಹೊರಡತ್ತೆ. ಮಲಗಿರ್ಲಿ,” ಎನ್ನುತ್ತಾರೆ. ನಾಲ್ಕು ತಿರುಪು ಬಿಚ್ಚಿ, ಎಲ್ಲ ನೆನಪನ್ನೂ ಹಿಡಿದಿಟ್ಟುಕೊಳ್ಳುವ ಡಿಸ್ಕನ್ನು ಹೊರಗೆ ತೆಗೆದು ತಮ್ಮ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಬಿಸ್ಮಿಲ್ಲಾ ಎಂದು ಗುಂಡಿ ಒತ್ತುತ್ತಾರೆ.

ಮೂಟೆ ಇನ್ನೂ ಇದೆ. ಎಸೆದಿಲ್ಲ.

ಕಾಲ್ಬುಬು ಉಸಿರು ಬಿಡುತ್ತಾರೆ. ಬೆಕ್ತೆನ್ ಮುದುಕರ ಹೆಸರು ಹಾಕಿ ಹುಡುಕುತ್ತಾರೆ. ಇಲ್ಲ. ಹೆಸರನ್ನು ರಷ್ಯನ್ನರು ಬರೆಯುವಂತೆ ಬರೆದು ಹುಡುಕುತ್ತಾರೆ. ಇಲ್ಲ. ಅವರ ತಂದೆಯ ಹೆಸರು, ಮನೆತನದ ಹೆಸರು. ಯಾವುದೂ ಇಲ್ಲ. ಬೆಕ್ತೆನ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಅವರಿಗೂ ಹೊಳೆಯುತ್ತಿಲ್ಲ.

ಉಳಿದದ್ದು ಹಳೆಯ ಅಭ್ಯಾಸ ಒಂದೇ. ತೆರೆಯ ಮೇಲೆ ಏನಿದೆಯೋ ಅದನ್ನು ಪಕ್ಕದಲ್ಲಿ ಕೂತವರಿಗೆ ಓದಿ ಹೇಳುವುದು. ಮೂಟೆಯೊಳಗೆ ಈ ಯಂತ್ರವನ್ನು ಬಳಸಿದವರ ಹೆಸರಿನ ಪೆಟ್ಟಿಗೆಗಳು ಸಾಲಾಗಿವೆ. ಬೆರಳಿಟ್ಟು ಓದುತ್ತಾರೆ.

“‘ಎಲ್ಲರದು’. ಇದು ಸಿಸ್ಟಂ ತಾನೇ ಇಟ್ಕೊಳ್ಳೋದು, ಖಾಲಿ. ‘ಅತಿಥಿ’. ಇದೂ ಅದರದ್ದೇ. ‘ಕೆಂಗುದುರೆಯವರು’. ಇದು ಯಾರೋ, ನಿಮಗಿಂತ ಮುಂಚೆ ಇದನ್ನ ಇಟ್ಕೊಂಡಿದ್ದೋರು ಇರ್ಬೇಕು. ಆಮೇಲೆ...”

ಕಾಲ್ಬುಬು ಬಟ್ಟಲನ್ನು ಕೆಳಗಿಡುತ್ತಾರೆ.

“ಯಾರೋ ಅಲ್ಲ ಅದು.”

“ಮತ್ತೆ?”

“ನಾನು ಹೇಳಿದ್ದು. ಇದೇ ಸ್ಟೂಲ್ ಮೇಲೆ ಕೂತು.” ತಲೆವಸ್ತ್ರದ ಅಂಚು ಹಿಡಿದು ಬಾಯಿಗೆ ಅಡ್ಡ ಇಟ್ಟುಕೊಳ್ಳುತ್ತಾರೆ. “ಮಾವನೋರು ಕುದುರೆ ಹೊಡ್ಕೊಂಡು ಹುಲ್ಲುಗಾವಲಿಗೆ ಹೋಗಿದ್ರು. ಇದನ್ನ ಬೇರೆಯೋರ ಹತ್ರ ಕೊಂಡು, ನಾನೇ ತಂದಿದ್ದೆ. ಯಾರ ಹೆಸರು ಬರೀಲಿ ಅಂತ ನೀವು ಕೇಳಿದ್ರಿ. ನಾನು ಹೇಗೆ ಹೇಳ್ಲಿ? ನೀವು ಬಿಡ್ಲಿಲ್ಲ. ಆಗ ಅಕ್ಕ...”

ಬೆಕ್ತೆನರಿಗೆ ಈಗ ನೆನಪಾಗುತ್ತದೆ. ಒಲೆಯ ಹತ್ತಿರ ಕೂತಿದ್ದ ಅಸಿಲ್‌ಕಾನ್ ಹೊಟ್ಟೆ ಹಿಡಿದು ನಕ್ಕಿದ್ದರು. ‘ಮಾವನ ಹೆಸರು ಹೇಳು ಅಂತ ಸೊಸೆಯನ್ನ ಕಾಡ್ತಾರಾ? ಮನೇಲಿ ಏನಂತ ಕರೀತಾಳೋ ಅದನ್ನೇ ಬರೀರಿ, ಮಿಷನ್ನಿಗೇನು ಗೊತ್ತಾಗತ್ತೆ’ ಎಂದಿದ್ದರು. ಶಾರ್ಶೆನ್ ಏರುತ್ತಿದ್ದುದು ಕೆಂಗುದುರೆ. ಸೊಸೆ ಹೊರಗಿನವರ ಮುಂದೆ ಮಾವನನ್ನು ಕೆಂಗುದುರೆಯವರು ಎನ್ನುತ್ತಿದ್ದಳು. ಬೆಕ್ತೆನ್ ಅದನ್ನೇ ಬರೆದಿದ್ದರು. ಪಟ್ಟಣದಲ್ಲಿ ಬೆಳೆದ ಹುಡುಗನಿಗೆ ಇದೆಲ್ಲ ಎಲ್ಲಿ ಗೊತ್ತು. ಯಾರೋ ಪರರ ಪೆಟ್ಟಿಗೆ, ನಾವು ಮುಟ್ಟಬಾರದು ಎಂದು ಮರ್ಯಾದೆಯಿಂದ ಬಿಟ್ಟಿದ್ದಾನೆ. ಬರೆದ ಬೆಕ್ತೆನರೇ ಈಗ ತಾನೆ ಅದನ್ನು ದಾಟಿ ಹೋಗಿದ್ದರು.

“ಎಷ್ಟು ನಕ್ಕಿದ್ಲು ಅವತ್ತು,” ಎನ್ನುತ್ತಾರೆ ಮೆಲ್ಲಗೆ. ಒಲೆಯ ಕಡೆ ಒಮ್ಮೆ ನೋಡುತ್ತಾರೆ.

ಪೆಟ್ಟಿಗೆಯನ್ನು ಒತ್ತಿದರೆ ತೆರೆಯುವುದಿಲ್ಲ. ತೆರೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. ಬೆಕ್ತೆನ್ ಅದನ್ನೂ ಓದುತ್ತಾರೆ. “ಇದು ನಿಮ್ಮದಲ್ಲ. ಇದರ ಒಡೆತನವನ್ನ ನೀವು ತಗೊಳ್ತೀರಾ ಅಂತ ಕೇಳ್ತಿದೆ.”

“ನೀವೇ ಒತ್ತಿ ಬಾಯ್ಕೆ.”

“ನಾನು ಹೇಗೆ ಒತ್ತಲಿ? ನಿನ್ನನ್ನ ಕೇಳಿದ್ದು.”

“ಮಾವನೋರ ಪೆಟ್ಟಿಗೆಗೆ ನಾನು ಇವತ್ತಿನವರೆಗೆ ಕೈ ಹಾಕಿಲ್ಲ. ಅವರ ಜೀನು, ಅವರ ಚಾಟಿ ಎಲ್ಲ ಹೇಗಿತ್ತೋ ಹಾಗೇ ಗೋಡೆ ಮೇಲಿದೆ.”

“ಗೊತ್ತು.”

ಬೆಕ್ತೆನ್ ಕಾಯುತ್ತಾರೆ. ಈ ಕಾಯುವುದು ಅವರಿಗೆ ಚೆನ್ನಾಗಿ ಬರುತ್ತದೆ. ಕೈಯನ್ನು ಮಡಿಲಲ್ಲಿಟ್ಟುಕೊಂಡು, ತೆರೆಯ ಕಡೆಗೂ ನೋಡದೆ, ಪಕ್ಕದವರ ಮುಖವನ್ನೂ ನೋಡದೆ, ಒಲೆಯ ಕಡೆ ನೋಡುತ್ತ. ಹೊರಗೆ ದಾಮಿರಾ ಯಾರಿಗೋ ಬೂಟಿನ ಬೆಲೆ ಹೇಳುತ್ತಿದ್ದಾಳೆ. ಕಲ್ಲಿದ್ದಲು ಒಂದು ಚೂರು ಒಡೆದು ಬೀಳುತ್ತದೆ.

“ಐಜಮಾಲ್‌ಗೋಸ್ಕರ,” ಎಂದು ಕಾಲ್ಬುಬು ಹಿಟ್ಟು ಮೆತ್ತಿದ ಬೆರಳನ್ನು ಲಂಗಕ್ಕೆ ಒರೆಸಿಕೊಂಡು ತಾವೇ ಗುಂಡಿ ಒತ್ತುತ್ತಾರೆ.

ಒಳಗೆ ಕುದುರೆಗಳ ಫೋಟೋಗಳಿವೆ. ಕುದುರೆ, ಕುದುರೆ, ಮತ್ತೆ ಕುದುರೆ. ಅವುಗಳ ನಡುವೆ ಧ್ವನಿಯ ಕಡತ ಒಂದೇ ಒಂದು. ಹೆಸರೂ ಇಟ್ಟಿಲ್ಲ. ಬೆಕ್ತೆನ್ ಅದನ್ನು ಮೊದಲು ಇನ್ನೊಂದು ಕಡೆ ನಕಲು ಮಾಡಿಡುತ್ತಾರೆ. ಹಚ್ಚುತ್ತಾರೆ. ಮುದುಕರೊಬ್ಬರು ಕೆಮ್ಮುವುದು, ಮೈಕನ್ನು ಹತ್ತಿರ ಎಳೆದುಕೊಳ್ಳುವುದು ಕೇಳುತ್ತದೆ. ಕೆಮ್ಮು ಕೇಳಿದ್ದೇ ಕಾಲ್ಬುಬು ಎದ್ದು ನಿಲ್ಲುತ್ತಾರೆ, ಮಾವ ಕೋಣೆಗೆ ಬಂದರೆ ಸೊಸೆ ಎದ್ದು ನಿಲ್ಲುವ ಹಾಗೆ.

ಬೆಕ್ತೆನ್ ಟೋಪಿ ಹಾಕಿಕೊಂಡು ಹೊರಗೆ ಬರುತ್ತಾರೆ. ಬಾಗಿಲು ಮುಂದೆ ಮಾಡುತ್ತಾರೆ. ಆ ಮಾತು ಮೊದಲು ಕೇಳಬೇಕಾದವರು ಆ ಮನೆಯವರು, ಪೇಟೆಯವನಲ್ಲ.

ಚಳಿ ಮುಖಕ್ಕೆ ಹೊಡೆಯುತ್ತದೆ. ಬೆಟ್ಟದ ತುದಿಗೆ ಬಿಸಿಲು ಬಂದಿದೆ. ಕಂಟೇನರಿಗೆ ಕೊರೆದ ಪುಟ್ಟ ಕಿಟಕಿಯಲ್ಲಿ ಕಾಲ್ಬುಬು ಕಾಣುತ್ತಾರೆ. ತಲೆ ತಗ್ಗಿಸಿ ನಿಂತಿದ್ದಾರೆ. ಸ್ವಲ್ಪ ಹೊತ್ತಿನ ಮೇಲೆ ಅವರ ಎರಡು ಅಂಗೈಗಳು ಮೆಲ್ಲಗೆ ಮೇಲೇಳುತ್ತವೆ. ಒಳಗೆ ಹರಸುವ ಮಾತು ಬಂದಿದೆ ಎಂದು ಅರ್ಥ. ಹೊರಗೆ ಹಿಮದ ಮೇಲೆ ಒಬ್ಬರೇ ನಿಂತ ಬೆಕ್ತೆನರೂ ಎರಡು ಅಂಗೈ ಎತ್ತುತ್ತಾರೆ. ಒಂದು ಮಾತೂ ಕೇಳಿಸದಿದ್ದರೂ ಕಾಲ್ಬುಬು ಮುಖ ಸವರಿಕೊಂಡಾಗ ಇವರೂ ಆಮೀನ್ ಎಂದು ಮುಖ ಸವರಿಕೊಳ್ಳುತ್ತಾರೆ.

ದಾಮಿರಾ ಬೂಟಿನ ಜೋಡಿ ಕೈಯಲ್ಲಿ ಹಿಡಿದು ನೋಡುತ್ತ ನಿಂತಿದ್ದಾಳೆ. 

ಒಳಗೆ ಹೋದಾಗ ಕಾಲ್ಬುಬು ಅತ್ತು ಮುಗಿಸಿದ್ದಾರೆ. ಮಾವನ ದನಿ ತುಂಬಿಕೊಟ್ಟ ಬೆರಳುದ್ದದ ಪೆನ್ ಡ್ರೈವನ್ನು ತಲೆವಸ್ತ್ರದ ತುದಿಗೆ ಕಟ್ಟಿ ಎರಡು ಗಂಟು ಹಾಕುತ್ತಾರೆ. ಡಿಸ್ಕನ್ನು ಮೊದಲಿದ್ದ ಜಾಗಕ್ಕೆ ಸಿಕ್ಕಿಸಿ ತಿರುಪು ಬಿಗಿದ ಬೆಕ್ತೆನ್, ಹುಡುಗ ಹಾಕಿದ ಸಿಸ್ಟಂ ಚೆನ್ನಾಗೇ ಇದೆ, ಹಾಗೇ ತೆಗೆದುಕೊಂಡು ಹೋಗಬಹುದು ಎನ್ನುತ್ತಾರೆ.

“ಬೇಡ,” ಎನ್ನುತ್ತಾರೆ ಕಾಲ್ಬುಬು. ಮತ್ತೆ ಕೂತಿದ್ದಾರೆ, ಈ ಸಲ ತುದಿಯಲ್ಲಲ್ಲ. “ಅವತ್ತಿನ ಹಾಗೆ ಹಾಕಿ. ನೀವು ಕೇಳಿ, ನಾನು ಹೇಳ್ತೀನಿ.”

“ಹಿಟ್ಟು ಉಕ್ಕಿರತ್ತೆ ಅಂದೆ.”

“ಉಕ್ಕಲಿ ಬಿಡಿ.”

ತಾನೇ ಮಾಡಿಕೊಳ್ಳುತ್ತೇನೆ ಎನ್ನುವ ಗುಂಡಿಯನ್ನು ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿರುವ ಇನ್ನೊಂದನ್ನು ಬೆಕ್ತೆನ್ ಒತ್ತುತ್ತಾರೆ. ಇಂಥದ್ದು ಈಗಲೂ ಇದೆ, ಹುಡುಕಬೇಕು. ಯಾವ ಭಾಷೆ? ನಮ್ಮದೇ. ಅಕ್ಷರದ ಕೀಲಿಮಣೆ? ರಷ್ಯನ್ ಒಂದೇ ಇದ್ದರೆ ನಮ್ಮ ಮೂರು ಅಕ್ಷರ ಸಿಗುವುದಿಲ್ಲ, ನಮ್ಮದೂ ಇರಲಿ. ಜಾಗ? ಎರಡು ಕೋಣೆ ಮಾಡಿ, ಒಂದರಲ್ಲಿ ಅದು ಏನಾದರೂ ಮಾಡಿಕೊಳ್ಳಲಿ, ಇನ್ನೊಂದಕ್ಕೆ ಕೈ ಹಾಕದಿರಲಿ. ಹಳೆಯದನ್ನು ತಾನೇ ಗುಡಿಸಲೇ ಎನ್ನುತ್ತದೆ. “ಬೇಡ ಅನ್ನಿ,” ಎನ್ನುತ್ತಾರೆ ಕಾಲ್ಬುಬು. ಅಸಿಲ್‌ಕಾನ್ ಹೇಳುತ್ತಿದ್ದ ಆ ಎರಡು ಮಾತಿಗೆ ಬೆಕ್ತೆನ್ ಒಂದು ಕ್ಷಣ ತಿರುಗಿ ನೋಡುತ್ತಾರೆ.

“ಒಡೆಯರ ಹೆಸರು ಕೇಳ್ತಿದೆ. ಏನು ಬರೀಲಿ? ಕೆಂಗುದುರೆಯವರು ಅಂತಲೇ ಇರ್ಲಾ?”

ಕಾಲ್ಬುಬು ತಲೆವಸ್ತ್ರದ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

“ಅವರು ಹೋದ್ರಲ್ಲ ಬಾಯ್ಕೆ. ಅವರ ಪೆಟ್ಟಿಗೆ ಅವರ ಹೆಸರಲ್ಲೇ ಆ ಕೋಣೇಲಿರ್ಲಿ. ಇದಕ್ಕೆ ಕಾಲ್ಬುಬು ಅಂತ ಬರೀರಿ.” ಆಮೇಲೆ, ಯಾರೋ ತಡೆಯುತ್ತಾರೆ ಎಂಬಂತೆ, “ನಾನೇ ಬರೀತೀನಿ. ಯಾವ ಅಕ್ಷರ ಎಲ್ಲಿದೆ ತೋರಿಸಿ.”

ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ. ನಡುವೆ ಒಂದು ತಪ್ಪುತ್ತದೆ. ಅಳಿಸಿ ಮತ್ತೆ ಒತ್ತುತ್ತಾರೆ.

ಹಲಗೆಬಂಡಿ ಹೊಳೆಯ ಕಡೆ ಹೊರಟುಹೋದಮೇಲೆ ಅಂಗಡಿ ಮತ್ತೆ ಮೊದಲಿನಂತಾಗುತ್ತದೆ. ಒಂದು ಕಾಲಕ್ಕೆ ದಿನಕ್ಕೆ ಐದಾರು ಜನ ಸರದಿಯಲ್ಲಿ ಕಾಯುತ್ತಿದ್ದ ಬಾಗಿಲಿಗೆ ಈಗ ವಾರಕ್ಕೆ ಇಬ್ಬರು ಬಂದರೆ ಹೆಚ್ಚು. ಮಧ್ಯಾಹ್ನ ಲಾರಿ ಓಡಿಸುವವನೊಬ್ಬ ಬಂದು, ಎಂಜಿನ್ ಆರಿಸದೆ, ಬಾಗಿಲಿನಿಂದಲೇ ಒಂದು ಲ್ಯಾಪ್‌ಟಾಪು ಚಾಚುತ್ತಾನೆ.

“ಒಳಗೆ ಬಾರಪ್ಪ. ಚಹಾ ಇದೆ.”

“ಪುರುಸೊತ್ತಿಲ್ಲ ಬಾಯ್ಕೆ. ತಾನೇ ಹಾಕ್ಕೊಳ್ಳೋದಿದೆಯಲ್ಲ, ಅದನ್ನೇ ಹಾಕಿಬಿಡಿ. ಹೆಸರು ಗಿಸರು ನಿಮಗೆ ತೋಚಿದ್ದು.”

ಬೆಕ್ತೆನ್ ಅದನ್ನು ಕಂಬಳಿಯಲ್ಲಿ ಮುಚ್ಚಿಡುತ್ತಾರೆ. ಮೈ ಬೆಚ್ಚಗಾದಮೇಲೆ ಮೇಜಿಗೆ ತರುತ್ತಾರೆ. ಬಲಗಡೆಯ ಸ್ಟೂಲಿನಲ್ಲಿ ಕೂತು ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿ, ಕೆಳಗಿನ ಸಣ್ಣ ಅಕ್ಷರವನ್ನೇ ಹುಡುಕುತ್ತಾರೆ. “ಯಾವ ಭಾಷೆ ಅಂತ ಕೇಳ್ತಿದೆ,” ಎಂದು ಗಟ್ಟಿಯಾಗಿ ಓದುತ್ತಾರೆ. ಸ್ವಲ್ಪ ಕಾಯುತ್ತಾರೆ. ಆಮೇಲೆ ಒತ್ತುತ್ತಾರೆ.

ಅಂಗಡಿ ಮುಚ್ಚುವ ಹೊತ್ತು. ದಾಮಿರಾ ಬಾಗಿಲಲ್ಲಿ ಇಣುಕುತ್ತಾಳೆ. “ಯಾರ ಹತ್ರ ಮಾತು, ಬಾಯ್ಕೆ?”

“ಕೆಲಸ ಮಾಡ್ತಿದೀನಿ.”

“ಕೇಳೋರು ಇಲ್ಲದಿದ್ರೂ ಓದಬೇಕಾ?”

“ಸುಮ್ಮನೆ ಹಾಕಿಬಿಡೋದು ನನಗೆ ಬರಲ್ಲ ತಂಗಿ.”

ಒಲೆಯ ಬೂದಿ ಕೆದಕಿ ಕೆಂಡ ಮುಚ್ಚುತ್ತಾರೆ. ಸ್ಟೂಲುಗಳನ್ನು ಒರೆಸಲು ಬಟ್ಟೆ ಎತ್ತಿಕೊಳ್ಳುತ್ತಾರೆ. ಎಡಗಡೆಯ ಮೆತ್ತೆಯ ಕೆಂಪಿನ ಮೇಲೆ, ಟಗರಿನ ಕೊಂಬಿನ ಸುರುಳಿಯಲ್ಲಿ, ಮದುವೆಮನೆಯ ಹಿಟ್ಟು ಬೆಳ್ಳಗೆ ಅಂಟಿದೆ. ಬೆಕ್ತೆನ್ ಬಲಗಡೆಯದನ್ನು ಮಾತ್ರ ಒರೆಸಿ ಬಟ್ಟೆಯನ್ನು ಮೊಳೆಗೆ ನೇತುಹಾಕುತ್ತಾರೆ.

“ಶನಿವಾರ ಊಟಕ್ಕೆ ಕರೆದಿದಾರೆ,” ಎಂದು ದಾಮಿರಾಳಿಗೆ ಹೇಳುತ್ತಾರೆ ಬೀಗ ಹಾಕುತ್ತ. “ಹೋಗ್ತೀನಿ. ಬೇರೆ ಏನೂ ಆಸೆ ಇಲ್ಲ ನನಗೆ. ನಾನು ಈ ಲೋಕ ಬಿಡೋ ಹೊತ್ತಿಗೆ ಆ ಮೆತ್ತೇನೂ ನನ್ನದರ ಹಾಗೇ ಸವೆದಿರ್ಲಿ, ಅಷ್ಟು ಸಾಕು.”